ಪೇಟೆ ಚೇತರಿಸಿಕೊಳ್ಳುವ ಬಗೆ

‘ಪೇಟೆಗೆ ಹೋಗಿ ಬರುತ್ತೇನೆ’ ಎಂದು ಮನೆಯಲ್ಲಿ ಹೇಳಿ ಹೊರಟವನಿಗೆ, ತಾನು ಅಲ್ಲಿ ಏನೇನು ಕೊಳ್ಳುವೆನೆಂಬುದು ಹೊರಡುವಾಗ ಪೂರ್ತಿ ಗೊತ್ತಿರುವುದಿಲ್ಲ. ಒಂದು ಪುಸ್ತಕಕ್ಕೆಂದು ಹೋದವನು ದಾರಿಯಲ್ಲಿ ಕಾಫಿ ಕುಡಿಯುತ್ತಾನೆ. ಕಾಫಿ ಕುಡಿದು ಹೊರಬಂದವನ ಕಣ್ಣಿಗೆ ಎದುರಂಗಡಿಯ ಚಪ್ಪಲಿ ಬೀಳುತ್ತದೆ. ಹೀಗೆ ಯೋಚಿಸದೆ ಕೊಳ್ಳುವ ವ್ಯಾಪಾರವೇ ಪೇಟೆಯ ಜೀವಾಳ. ಅದಕ್ಕೆ ಬೇಕಾದುದು ನಡೆಯುವ ಕಾಲು. ಕಾಲು ನಿಂತರೆ ಪೇಟೆ ನಿಲ್ಲುತ್ತದೆ. ಒಮ್ಮೆ ನಿಂತ ಪೇಟೆ ಮತ್ತೆ ಚೇತರಿಸಿಕೊಳ್ಳುವುದು ಹೇಗೆ? ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆ, ಚರ್ಚ್ ಸ್ಟ್ರೀಟುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡುವುದು ನನ್ನ ಉದ್ದೇಶ.

ಪೇಟೆಯಲ್ಲಿ ನಡೆಯುವವರನ್ನು ನಾನು ಮೂರು ಬಗೆಯಾಗಿ ವಿಂಗಡಿಸುತ್ತೇನೆ. ಮೊದಲನೆಯವರು ಕಚೇರಿಯವರು. ಇವರು ದಿನವೂ ಬರುತ್ತಾರೆ, ಮಧ್ಯಾಹ್ನದ ಊಟಕ್ಕೂ ಸಂಜೆಯ ಕಾಫಿಗೂ ಗಡಿಯಾರದಂತೆ ಇಳಿಯುತ್ತಾರೆ. ಎರಡನೆಯವರು ಕೆಲಸವಿಟ್ಟುಕೊಂಡು ಬರುವವರು: ಕನ್ನಡಕ ಮಾಡಿಸಬೇಕು, ಮದುವೆಗೆ ಸೀರೆ ಕೊಳ್ಳಬೇಕು ಎನ್ನುವವರು. ಮೂರನೆಯವರು ಸುಮ್ಮನೆ ಬರುವವರು. ನಮ್ಮಂಥ ವಿದ್ಯಾರ್ಥಿಗಳು ಬಹುಮಟ್ಟಿಗೆ ಈ ಪಂಗಡಕ್ಕೆ ಸೇರಿದವರು. ಯಾವ ಅಂಗಡಿಯೂ ಒಂದೇ ಬಗೆಯವರನ್ನು ನಂಬಿ ಬಾಳಲಾರದು. ಅಂಗಡಿಯ ಬಾಡಿಗೆ ಹಗಲು ರಾತ್ರಿಯೆನ್ನದೆ ಏರುತ್ತಲೇ ಇರುವಾಗ, ಗಿರಾಕಿ ಎರಡೇ ಗಂಟೆ ಬಂದು ಹೋದರೆ ಲೆಕ್ಕ ಸರಿಹೋಗುವುದೆಂತು?

ಅಮೆರಿಕದ ಜೇನ್ ಜೇಕಬ್ಸ್ ಎಂಬ ಮಹಿಳೆ 1961ರಲ್ಲಿ ಪ್ರಕಟಿಸಿದ, ಅಲ್ಲಿನ ಮಹಾನಗರಗಳ ಅಳಿವು ಉಳಿವುಗಳನ್ನು ಕುರಿತ ಗ್ರಂಥದಲ್ಲಿ ಈ ಮಾತನ್ನು ಚೆನ್ನಾಗಿ ವಿವರಿಸಿದ್ದಾರೆ. ನ್ಯೂಯಾರ್ಕಿನ ವಾಲ್ ಸ್ಟ್ರೀಟಿನ ಸುತ್ತ ಕಚೇರಿಗಳು ಕಿಕ್ಕಿರಿದಿದ್ದರೂ ಮಧ್ಯಾಹ್ನದ ಊಟದ ಹೊತ್ತು ಕಳೆದೊಡನೆ ಬೀದಿಗಳು ಬಿಕೋ ಎನ್ನುತ್ತಿದ್ದುವು. ಅಲ್ಲಿನ ಹೋಟೆಲುಗಳೂ ಅಂಗಡಿಗಳೂ ದಿನದ ವ್ಯಾಪಾರವನ್ನೆಲ್ಲ ಆ ಅಲ್ಪಾವಧಿಯಲ್ಲೇ ಮುಗಿಸಬೇಕಾಗಿತ್ತು. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಜನ ಬರುವಂತಿದ್ದರೆ ಮಾತ್ರ ಬೀದಿ ಬದುಕುತ್ತದೆಂಬುದು ಅವರ ವಾದದ ಸಾರ.

ಇನ್ನು ನಮ್ಮ ಊರಿನ ಕಡೆಗೆ ಬರೋಣ. ಹಿಂದೆ ಸೌತ್ ಪೆರೇಡ್ ಎಂದು ಕರೆಯಲ್ಪಡುತ್ತಿದ್ದ ರಸ್ತೆಗೆ 1948ರಲ್ಲಿ ಗಾಂಧೀಜಿಯವರ ಹೆಸರನ್ನಿಟ್ಟರು. ಈ ರಸ್ತೆಗೆ ಮೊದಲ ದೊಡ್ಡ ಪೆಟ್ಟು ಬಿದ್ದುದು ರೋಗದಿಂದಲ್ಲ, ಕಾಮಗಾರಿಯಿಂದ. 2007ರಲ್ಲಿ ಮೆಟ್ರೋ ರೈಲಿನ ಕೆಲಸ ಮೊದಲಾಗಿ, ಮರಗಳ ನೆರಳಿನ ಕಾಲುದಾರಿ ಹೋಯಿತು, ರಸ್ತೆ ಇಕ್ಕಟ್ಟಾಯಿತು. ಬೇರೆ ಕಾರಣಗಳಿಗಾಗಿ ಹಳೆಯ ನೆಲೆಗಳೂ ಅದೇ ಕಾಲದಲ್ಲಿ ಕದಲಿದುವು. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡ ಇಂಡಿಯಾ ಕಾಫಿ ಹೌಸು, 2009ರಲ್ಲಿ ಈ ರಸ್ತೆಯ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಟಿ. ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಅದೇ ವರ್ಷ ಬಾಗಿಲು ಹಾಕಿತು. ಆದರೆ ಪೆಟ್ಟುಕೊಟ್ಟ ಮೆಟ್ರೋವೇ ಮದ್ದೂ ಆಯಿತೆನ್ನಬಹುದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೊದಲ ಗಾಡಿ ಓಡಿತು. 2016ರಲ್ಲಿ ಮಾರ್ಗ ಮೈಸೂರು ರಸ್ತೆಯನ್ನು ಮುಟ್ಟಿತು. 2023ರಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೂ ಒಂದಾಯಿತು. ಕಾರಿನಲ್ಲಿ ಬಂದವನು ಒಂದು ಅಂಗಡಿಯ ಮುಂದೆ ಇಳಿದು ಅಲ್ಲಿಂದಲೇ ಹಿಂದಿರುಗಬಹುದು. ರೈಲಿನಿಂದ ಇಳಿದವನಾದರೋ ನಡೆಯಲೇಬೇಕು, ನಡೆದರೆ ಹತ್ತು ಅಂಗಡಿಗಳ ಮುಂದೆ ಹಾಯಲೇಬೇಕು.

ಎರಡನೆಯ ಪೆಟ್ಟು 2020ರದು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಜೂನ್ 8ರಿಂದ ಹೋಟೆಲುಗಳಲ್ಲಿ ಕುಳಿತು ಉಣ್ಣಲು ಅಪ್ಪಣೆಯಾದರೂ ಅರ್ಧದಷ್ಟು ಆಸನಗಳಿಗೆ ಮಾತ್ರ. ಹೋಟೆಲಿನ ಲೆಕ್ಕ ಬಲ್ಲವರಿಗೆ ಇದರ ಕಷ್ಟ ತಿಳಿಯುತ್ತದೆ. ಬಾಡಿಗೆ, ದೀಪದ ಖರ್ಚು, ಅಡಿಗೆಯವರ ಸಂಬಳ ಇವು ಗಿರಾಕಿ ಬಂದರೂ ಬಾರದಿದ್ದರೂ ಕೊಡಬೇಕಾದುವು. ಆಸನ ಅರ್ಧವಾದರೆ ಖರ್ಚು ಅರ್ಧವಾಗುವುದಿಲ್ಲ. ಲಾಭ ಮಾತ್ರ ಅರ್ಧವಲ್ಲ, ಪೂರ್ತಿಯೇ ಹೋಗುತ್ತದೆ. 2021ರ ಏಪ್ರಿಲ್ ಕೊನೆಯಲ್ಲಿ ಕರ್ನಾಟಕ ಮತ್ತೊಮ್ಮೆ ಬಾಗಿಲು ಮುಚ್ಚಿದಾಗ, ಮೊದಲ ಪೆಟ್ಟನ್ನು ಕೂಡಿಟ್ಟ ಹಣದಿಂದ ತಾಳಿಕೊಂಡವರ ಬಳಿ ಎರಡನೆಯದಕ್ಕೆ ಗಂಟು ಉಳಿದಿರಲಿಲ್ಲ.

ಚೇತರಿಕೆ ಬಂದ ಕ್ರಮವೂ ಗಮನಿಸತಕ್ಕದ್ದು. ಮೊದಲು ಬಂದುದು ಪಾರ್ಸೆಲ್ಲು, ಅಂದರೆ ಗಿರಾಕಿಯ ಹಸಿವು ಬಂತೇ ಹೊರತು ಗಿರಾಕಿ ಬರಲಿಲ್ಲ. ಪಾರ್ಸೆಲ್ಲು ಅಡಿಗೆಮನೆಯನ್ನು ಬದುಕಿಸಿತು, ಬೀದಿಯನ್ನು ಬದುಕಿಸಲಿಲ್ಲ. ಮನೆಯಲ್ಲಿ ಕುಳಿತು ದೋಸೆ ತರಿಸಿಕೊಂಡವನು ಪಕ್ಕದ ಅಂಗಡಿಯಲ್ಲಿ ಪುಸ್ತಕ ಕೊಳ್ಳುವುದಿಲ್ಲ. ಆಮೇಲೆ ಬಂದವರು ಮೂರನೆಯ ಪಂಗಡದವರು. ಮನೆಯಲ್ಲಿ ಕುಳಿತು ಬೇಸತ್ತ ಜನ ಶನಿವಾರ, ಭಾನುವಾರಗಳಂದು ಸುಮ್ಮನೆ ತಿರುಗಾಡಲು ಬಂದರು. ಕೊನೆಗೆ ಬಂದವರು ಕಚೇರಿಯವರು. ಗಣಕಯಂತ್ರದ ಮುಂದಿನ ಕೆಲಸವನ್ನು ಮನೆಯಿಂದಲೇ ಮಾಡಬಹುದೆಂದು ಕಂಡುಕೊಂಡವರಲ್ಲಿ ಎಷ್ಟೋ ಮಂದಿ ವಾರದ ಐದು ದಿನಕ್ಕೆ ಬದಲು ಎರಡು ಮೂರು ದಿನ ಬಂದರು. ಕಚೇರಿಯೊಂದನ್ನೇ ನಂಬಿದ ಪೇಟೆಗಳು ಈ ಕಾರಣದಿಂದಲೇ ನಿಧಾನವಾಗಿ ಎದ್ದುವು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ನಡುಪೇಟೆ ಇದಕ್ಕೆ ಎಲ್ಲರೂ ಕೊಡುವ ನಿದರ್ಶನ.

ಚರ್ಚ್ ಸ್ಟ್ರೀಟು ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಸಣ್ಣ ಬೀದಿ. 2018ರಲ್ಲಿ ಅದಕ್ಕೆ ಕಲ್ಲು ಹಾಸಿ, ಕಾಲುದಾರಿಯನ್ನು ಅಗಲಿಸಿ, ತಂತಿ ಕೊಳವೆಗಳನ್ನು ನೆಲದಡಿ ಸೇರಿಸಿದ್ದರು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಯ ಎರಡು ದಿನ ಅಲ್ಲಿ ವಾಹನಗಳನ್ನೇ ನಿಲ್ಲಿಸಿ ನೋಡಿದರು. ‘ಕಾರು ಬಾರದಿದ್ದರೆ ಗಿರಾಕಿ ಬರುವನೇ?’ ಎಂಬುದು ಇಂಥ ಎಡೆಗಳಲ್ಲೆಲ್ಲ ಅಂಗಡಿಯವರು ಕೇಳುವ ಪ್ರಶ್ನೆ. ಇದು ಹೊಸದೇನೂ ಅಲ್ಲ. 1962ರಲ್ಲಿ ಕೋಪನ್‌ಹೇಗನ್ ನಗರದ ಸ್ಟ್ರೋಗೆಟ್ ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಟ್ಟಾಗ ಅಲ್ಲಿನ ವರ್ತಕರೂ ಹಾಗೆಯೇ ಆತಂಕಪಟ್ಟರು. ಎರಡು ವರ್ಷಗಳಲ್ಲಿ ಅದೇ ಏರ್ಪಾಡು ಶಾಶ್ವತವಾಯಿತು, ಬೀದಿ ಜಗತ್ಪ್ರಸಿದ್ಧವಾಯಿತು. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಜನ ನಿಂತು ಮಾತನಾಡಬಹುದೆಂಬುದು ಸಣ್ಣ ಗಣಿತ. ಹಾಗೆಂದು ವಾಹನ ನಿಲ್ಲಿಸಿದ ಮಾತ್ರಕ್ಕೆ ಎಲ್ಲ ಬೀದಿಯೂ ಸ್ಟ್ರೋಗೆಟ್ ಆಗದು. ಹತ್ತಿರದಲ್ಲಿ ರೈಲೋ ಬಸ್ಸೋ ಇರಬೇಕು. ಸಾಮಾನು ಇಳಿಸಲು ಹೊತ್ತು ಗೊತ್ತುಮಾಡಬೇಕು. ಮುದುಕರು, ಕಾಲಿಲ್ಲದವರು ಬರಲು ದಾರಿಯಿರಬೇಕು.

ಇಲ್ಲಿಯವರೆಗೆ ಚೇತರಿಕೆಯೆಂದರೆ ಜನ ಮರಳುವುದು ಎಂಬಂತೆ ಮಾತನಾಡಿದ್ದಾಯಿತು. ಆದರೆ ಯಾರ ಚೇತರಿಕೆ ಎಂಬ ಪ್ರಶ್ನೆ ಉಳಿದೇ ಇದೆ. ಬೀದಿ ಚೆನ್ನಾದರೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಕಡಿಮೆ ಲಾಭದ ಪುಸ್ತಕದಂಗಡಿ, ಅಗ್ಗದ ಕಾಫಿಯ ಹೋಟೆಲು ಎದ್ದುಹೋಗಿ, ಯಾವ ಊರಿನಲ್ಲಾದರೂ ಸಿಕ್ಕುವ ದೊಡ್ಡ ಕಂಪೆನಿಯ ಮಳಿಗೆ ಬಂದು ಕೂರುತ್ತದೆ. ಯಾವ ಅಂಗಡಿಗಳಿಂದ ಬೀದಿಗೆ ಜನ ಬಂದರೋ ಅವೇ ಮೊದಲು ಹೋಗುವುದು ಈ ಚೇತರಿಕೆಯ ವಿಪರೀತ. ಬೀದಿಯಂಚಿನ ಹೂವಿನವರು, ಕಡಲೆಕಾಯಿಯವರ ಪಾಡೂ ಹಾಗೆಯೇ. 2014ರ ಕಾಯಿದೆ ಬೀದಿ ವ್ಯಾಪಾರಿಗಳಿಗೆ ಹಕ್ಕು ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಗಳಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಅವರ ಪ್ರತಿನಿಧಿಗಳೇ ಇರಬೇಕೆಂದು ವಿಧಿಸಿದೆ. 2020ರಲ್ಲಿ ಕೇಂದ್ರ ಸರಕಾರ ಅವರಿಗೆ 10,000 ರೂಪಾಯಿಗಳವರೆಗೆ ಸಾಲ ಕೊಡುವ ಸ್ವನಿಧಿ ಯೋಜನೆಯನ್ನೂ ತಂದಿತು. ಸಾಲ ಸಿಕ್ಕರೂ ನಿಲ್ಲಲು ಜಾಗ ಸಿಕ್ಕದಿದ್ದರೆ ತಕ್ಕಡಿ ಎಲ್ಲಿಡುವುದು?

ಆದುದರಿಂದ ಪೇಟೆಯ ಆರೋಗ್ಯವನ್ನು ಜನಸಂದಣಿಯೊಂದರಿಂದಲೇ ಅಳೆಯಬಾರದು ಎಂಬುದು ನನ್ನ ಅಭಿಪ್ರಾಯ. ಹತ್ತು ರೂಪಾಯಿ ಇರುವವನೂ ಸಾವಿರ ರೂಪಾಯಿ ಇರುವವನೂ ಅಲ್ಲಿ ಒಂದು ಸಂಜೆ ಕಳೆಯಬಹುದೇ, ಏನೂ ಕೊಳ್ಳದೆ ಒಂದು ಗಳಿಗೆ ಕೂರಲು ಕಲ್ಲುಬೆಂಚಾದರೂ ಇದೆಯೇ, ಹತ್ತು ವರ್ಷದ ಹಿಂದಿನ ಅಂಗಡಿ ಇಂದೂ ಇದೆಯೇ ಎಂದು ಕೇಳಬೇಕು. ನಮ್ಮ ಸಹಪಾಠಿಗಳು ಮುಂದೆ ನಗರಸಭೆಗಳಲ್ಲಿ, ಸರಕಾರದ ಕಚೇರಿಗಳಲ್ಲಿ, ಅಂಗಡಿಯ ಗಲ್ಲದ ಮುಂದೆ ಕೂರತಕ್ಕವರು. ಬೀದಿಯ ನಕ್ಷೆ ಅವರ ಮೇಜಿಗೆ ಬಂದಾಗ ಅದರಲ್ಲಿ ಕಾರಿನ ಜಾಗವನ್ನು ಅಳೆಯುವ ಮೊದಲು ಕಾಲಿನ ಜಾಗವನ್ನು ಅಳೆಯಲಿ. ಹೊಸ ಅಂಗಡಿಗೆ ಪರವಾನಗಿ ಕೊಡುವಾಗ ಹಳೆಯ ಅಂಗಡಿ ಉಳಿಯುವ ದಾರಿಯನ್ನೂ ಯೋಚಿಸಲಿ.