ಕಡಜಕ್ಕೆ ಬೋನು

ಹೊನ್ನಾಳಿಯ ಸುತ್ತಣ ಮೆಕ್ಕೆಜೋಳದ ಹೊಲದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಎಲೆಯಿಂದೆಲೆಗೆ ಹಾರುತ್ತ ಸುಳಿಗಳನ್ನು ತಡಕುವ ಸಣ್ಣ ನಡುವಿನ ಕೀಟವೊಂದು ಕಣ್ಣಿಗೆ ಬೀಳಬಹುದು. ಅದೇ ಕಣಜ, ಧಾನ್ಯದ ಕಣಜಕ್ಕೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ. ಎಲೆ ತಿನ್ನುವ ಹುಳುಗಳನ್ನು ಹಿಡಿದು, ಜಗಿದು ಉಂಡೆಮಾಡಿ, ಗೂಡಿನ ಮರಿಗಳಿಗೆ ಉಣಿಸುವುದು ಅದರ ಕಸುಬು. 2018ರ ಮೇ ತಿಂಗಳಿನಲ್ಲಿ ನೆರೆಯ ಶಿವಮೊಗ್ಗದಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಅಂದಿನಿಂದಂತೂ ಹುಳು ತಿನ್ನುವ ಕೀಟವನ್ನು ನಾವು ಹಗುರವಾಗಿ ಕೊಲ್ಲುವಂತಿಲ್ಲ.

ಜೇನು ಸಾಕುವವನ ಮಾತು ಬೇರೆ. ಕಣಜದ ಹಿರಿಯ ದಾಯಾದಿಯಾದ ಕಡಜವು ಜೇನುಪೆಟ್ಟಿಗೆಯ ಬಾಗಿಲಲ್ಲಿ ಹೊಂಚುಹಾಕಿ, ಮರಳುವ ನೊಣಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುವುದು. ಏಷ್ಯದ ತುಡುವೆ ಜೇನು ಇದಕ್ಕೆ ಪ್ರತಿತಂತ್ರವನ್ನು ಕಲಿತಿದೆ: ನೂರಾರು ನೊಣಗಳು ಕಡಜವನ್ನು ಮುತ್ತಿ ಉಂಡೆಗಟ್ಟಿ, ಸ್ನಾಯುಗಳನ್ನು ಅದುರಿಸಿ ಒಳಗಿನ ಶಾಖವನ್ನು ಸುಮಾರು 46 ಡಿಗ್ರಿ ಸೆಲ್ಸಿಯಸ್‌ಗೆ ಏರಿಸುವುವು. ಕಡಜ ಬೆಂದು ಸಾಯುವುದು, ನೊಣಗಳು ಉಳಿಯುವುವು. ಆದರೂ ದುರ್ಬಲ ಕುಟುಂಬವೊಂದು ಸತತ ದಾಳಿಗೆ ಸಿಕ್ಕಿದರೆ ಗೂಡನ್ನೇ ತೊರೆದು ಹಾರಿಹೋಗುವುದುಂಟು.

ಆಗ ನೆನಪಾಗುವುದು ಬೋನು. ಅದರ ರಚನೆ ಸರಳ. ಸೀಸೆಯ ಕೊರಳನ್ನು ಕತ್ತರಿಸಿ, ತಲೆಕೆಳಗಾಗಿ ಆಲಿಕೆಯಂತೆ ಒಳಗಿರಿಸಿ, ತಳದಲ್ಲಿ ಹುಳಿಯೇರಿದ ಸಿಹಿನೀರನ್ನು ಸುರಿಯುವುದು. ವಾಸನೆಗೆ ಒಳಹೊಕ್ಕ ಕೀಟವು ಬೆಳಕಿನ ಕಡೆಗೇ ಹಾರುವುದರಿಂದ, ಬಂದ ಕಿರುದಾರಿ ಅದಕ್ಕೆ ಮರಳಿ ಕಾಣದು. ಸಿಹಿಗೆ ತುಸು ವಿನಿಗರ್ ಬೆರೆಸಿದರೆ ಜೇನುನೊಣಗಳು ಅಷ್ಟಾಗಿ ಹತ್ತಿರ ಸುಳಿಯುವುದಿಲ್ಲ. ಆದರೆ ನೊಣ, ಪತಂಗ, ಹುಳು ಹಿಡಿಯುವ ಕಣಜ, ಎಲ್ಲವೂ ಬರುವುವು. ಹೊಲದಲ್ಲಿ ತೂಗಹಾಕುವ ಲಿಂಗಾಕರ್ಷಕ ಬಲೆ ಒಂದೇ ಜಾತಿಯನ್ನು ಕರೆಯುವುದು. ಸಿಹಿನೀರಾದರೋ ಊರಿಗೆಲ್ಲ ಊಟದ ಕರೆ.

ಇಷ್ಟಾದರೂ ಕಡಜ ಕಡಮೆಯಾಗುವುದೇ? ಬೋನಿನಲ್ಲಿ ಸಾಯುವುದು ಹೆಚ್ಚಾಗಿ ಕೆಲಸಗಾರ ಕಡಜಗಳು. ರಾಣಿ ಗೂಡಿನಲ್ಲಿದ್ದು ಮೊಟ್ಟೆಯಿಡುತ್ತಲೇ ಇರುವಳು. ಹಾಗಾದರೆ ಗೂಡು ಕಟ್ಟುವ ಮೊದಲೇ ರಾಣಿಯರನ್ನು ಹಿಡಿಯಬಾರದೇಕೆ? ಫ್ರಾನ್ಸಿನಲ್ಲಿ ಜನರು ಇದನ್ನೇ ಮಾಡಿದರು. 2004ರ ಸುಮಾರಿಗೆ ಚೀನದಿಂದ ಅಲ್ಲಿಗೆ ಬಂದ ವೆಸ್ಪ ವೆಲುಟಿನ ಎಂಬ ಕಡಜವು, ಅನುವಂಶೀಯ ಪರೀಕ್ಷೆಗಳ ಪ್ರಕಾರ, ಬಹುಶಃ ಒಬ್ಬಳೇ ರಾಣಿಯ ಸಂತತಿ. ವಸಂತದಲ್ಲಿ ಅಸಂಖ್ಯ ಬೋನುಗಳನ್ನು ತೂಗಹಾಕಿದರೂ ಅದು ಯುರೋಪಿನ ನೆರೆನಾಡುಗಳಿಗೂ ಹಬ್ಬಿತು. ರಾಣಿಯರು ಗೂಡಿಗಾಗಿ ತಮ್ಮತಮ್ಮಲ್ಲೇ ಕಾದಾಡಿ ಸಾಯುವುದುಂಟು. ಒಬ್ಬಳು ಸಿಕ್ಕಿಬಿದ್ದರೆ ಅವಳ ಜಾಗ ಮತ್ತೊಬ್ಬಳಿಗೆ ದೊರೆಯುವುದು.

ಬೋನಿನ ನಿಜವಾದ ಉಪಯೋಗ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಂಡುಬಂತು. 2019ರಲ್ಲಿ ಅಲ್ಲಿ ಏಷ್ಯದ ಮಹಾಕಡಜ ಕಾಣಿಸಿಕೊಂಡಾಗ, ಬೋನುಗಳನ್ನು ಕೊಲ್ಲುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚಾಗಿ ಬಳಸಿದರು. ಜೀವಂತ ಹಿಡಿದ ಕಡಜಕ್ಕೆ ಪುಟ್ಟ ರೇಡಿಯೋ ಪ್ರೇಷಕವನ್ನು ನೂಲಿನಿಂದ ಕಟ್ಟಿ ಬಿಟ್ಟರು. ಅದು ತನ್ನ ಮನೆಯ ದಾರಿಯನ್ನು ತಾನೇ ತೋರಿಸಿತು. 2020ರ ಅಕ್ಟೋಬರಿನಲ್ಲಿ ಮರದ ಪೊಟರೆಯಲ್ಲಿದ್ದ ಗೂಡು ಸಿಕ್ಕಿತು, ಮರುವರ್ಷ ಇನ್ನೂ ಮೂರು. 2024ರ ಡಿಸೆಂಬರಿನಲ್ಲಿ ಆ ಕಡಜ ನಿರ್ಮೂಲವಾಯಿತೆಂದು ಸಾರಲಾಯಿತು.

ನಮ್ಮ ಕಡಜಗಳಾದರೋ ಪರದೇಶಿಗಳಲ್ಲ, ಈ ನೆಲದವೇ. ಅವುಗಳ ಬೇಟೆಯೂ ಜೇನಿಗಷ್ಟೇ ಸೀಮಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ದಶಕಗಳ ಕಾಲ ಅಭ್ಯಸಿಸಿದ ರೊಪಾಲಿಡಿಯ ಕಣಜಗಳ ಗೂಡುಗಳನ್ನು ವೆಸ್ಪ ಟ್ರಾಪಿಕ ಎಂಬ ಕಡಜವು ಕೊಳ್ಳೆಹೊಡೆಯುವುದು. ಇಂತಹ ಹೆಣೆದುಕೊಂಡ ಬಾಳಿನ ನಡುವೆ ಊರೆಲ್ಲ ಬೋನು ತೂಗಹಾಕುವುದು ವಿವೇಕವಲ್ಲವೆಂದು ನಮ್ಮ ಅಭಿಪ್ರಾಯ. ಜೇನು ಸಾಕುವವರು ಮೊದಲು ಪೆಟ್ಟಿಗೆಯ ಬಾಗಿಲನ್ನು ನೊಣವಷ್ಟೇ ನುಸುಳುವಂತೆ ಕಿರಿದುಗೊಳಿಸಲಿ. ದಾಳಿ ನಡೆದಿರುವಾಗ ಮಾತ್ರ ಪೆಟ್ಟಿಗೆಯ ಬಳಿ ಒಂದೆರಡು ಬೋನುಗಳಿರಲಿ. ಸಣ್ಣ ಕೀಟಗಳು ಪಾರಾಗಲು ಅವುಗಳ ಮೇಲ್ಭಾಗದಲ್ಲಿ ಸುಮಾರು ಐದೂವರೆ ಮಿಲಿಮೀಟರ್ ಅಗಲದ ರಂಧ್ರಗಳಿರಲಿ, ಸಿಹಿನೀರಿನ ಮೇಲೆ ಅವು ಮುಳುಗದಂತೆ ಜಾಲರಿಯಿರಲಿ. ಮನೆಯ ಸೂರಿನಲ್ಲಿ ಕಡಜ ಗೂಡು ಕಟ್ಟಿದ್ದರೆ ಕಲ್ಲೆಸೆಯುವ ಹುಡುಗಾಟ ಬೇಡ: ಜೇನಿನಂತೆ ಕಡಜದ ಕೊಂಡಿ ಮುರಿದು ಮೈಯಲ್ಲಿ ಉಳಿಯುವುದಿಲ್ಲ, ಒಂದೇ ಕಡಜ ಹಲವು ಸಲ ಚುಚ್ಚಬಲ್ಲದು.