ಮಾನ್ಯಖೇಟದ ಅರಸ, ಸಂಜಾಣದ ಅರಬ

ಠಾಣೆಯ ಕೋಟೆಯಲ್ಲಿ 1787ರಲ್ಲಿ ಅಡಿಪಾಯಕ್ಕೆಂದು ನೆಲ ತೋಡುವಾಗ ತಾಮ್ರಪಟವೊಂದು ಸಿಕ್ಕಿತು. ಉತ್ತರ ಕೊಂಕಣದ ಶಿಲಾಹಾರ ದೊರೆ ಅರಿಕೇಸರಿ 1017ರಲ್ಲಿ ಕೊಟ್ಟ ದಾನಶಾಸನ ಅದು. ರಾಮಲೋಚನ ಪಂಡಿತರು ಅದರ ಅರ್ಥ ಬಿಡಿಸಿ ಹೇಳಿದರು. ಇಂಗ್ಲಿಷ್ ಅನುವಾದ ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲೇ ಅಚ್ಚಾಯಿತು. ಅದರಲ್ಲಿ ದೊರೆ ಶ್ರೀಸ್ಥಾನಕದ, ಅಂದರೆ ಠಾಣೆಯ ಜನರ ಜೊತೆಗೆ ‘ಹಂಯಮನ’ದ ನಾಗರಿಕರನ್ನೂ ಕುರಿತು ಮಾತಾಡುತ್ತಾನೆ. ಯಾರಿವರು? ಒಂದು ಊರಿನವರೆಂದು ಕೆಲವರೆಂದರು, ಅದು ಪಾರಸಿಗಳ ‘ಅಂಜುಮನ್’, ಅಂದರೆ ಸಭೆ ಇರಬೇಕೆಂದು ಇನ್ನು ಕೆಲವರು. ಚರ್ಚೆ ಮುಗಿಯಲಿಲ್ಲ.

1955ರ ಹೊತ್ತಿಗೆ ಅದೇ ಠಾಣೆ ಜಿಲ್ಲೆಯ ಕಡಲಂಚಿನ ಚಿಂಚಣಿಯಲ್ಲಿ ಹಲವು ತಾಮ್ರಪಟಗಳು ಒಟ್ಟಿಗೆ ಬೆಳಕಿಗೆ ಬಂದವು. (ಚಿಂಚಣಿ ಈಗ ಪಾಲ್ಘರ್ ಜಿಲ್ಲೆಗೆ ಸೇರಿದೆ.) ಆಗ ಭಾರತ ಸರ್ಕಾರದ ಶಾಸನತಜ್ಞರಾಗಿದ್ದ ದಿನೇಶಚಂದ್ರ ಸರ್ಕಾರ್ ಅವನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 32ನೇ ಸಂಪುಟದಲ್ಲಿ ಪ್ರಕಟಿಸಿದರು.

ಅವುಗಳಲ್ಲಿ ಹಳೆಯದು ಶಕ 848ರದ್ದು, ಕ್ರಿ.ಶ. 926. ಮಾನ್ಯಖೇಟದಲ್ಲಿ, ನಮ್ಮ ಕಲಬುರಗಿಯ ಮಳಖೇಡದಲ್ಲಿ, ಆಗ ರಾಷ್ಟ್ರಕೂಟ ಮೂರನೇ ಇಂದ್ರನ ಆಳ್ವಿಕೆ. ಈ ಕರಾವಳಿಯ ಸಂಜಾಣ ಮಂಡಲದ ಅಧಿಕಾರಿ ಮಧುಮತಿ, ತಾಜಿಕ ಕುಲದವನು. ತಾಜಿಕರೆಂದರೆ ಅರಬರು, ಮಧುಮತಿ ಎಂದರೆ ಮುಹಮ್ಮದ್ ಎಂದು ಸರ್ಕಾರ್ ಗುರುತಿಸಿದರು. ಇಂದ್ರನ ಹಿಂದಿನ ದೊರೆ ಎರಡನೇ ಕೃಷ್ಣನೇ ಅವನಿಗೆ ಈ ಮಂಡಲ ವಹಿಸಿಕೊಟ್ಟಿದ್ದ. ಅವನು ಸುತ್ತಲಿನ ಬಂದರುಗಳನ್ನು ಗೆದ್ದು ತನ್ನ ಸ್ವಾಮಿಗೆ ಸೇರಿಸಿದ, ಎರಡು ಹೊಳೆಗಳಲ್ಲಿ ಕಾಸಿಲ್ಲದೆ ದಾಟಲು ದೋಣಿ ಹಾಕಿಸಿದ, ಒಂದು ಛತ್ರ ತೆರೆದ. ಅಲ್ಲಿ ಬಂದವರಿಗೆ ಉಚಿತವಾಗಿ ಬಡಿಸುತ್ತಿದ್ದುದು ಅಕ್ಕಿಯ ಅನ್ನ, ಪಲ್ಯ, ತುಪ್ಪ.

ಅಲ್ಲಿನ ಬ್ರಾಹ್ಮಣ ಅಣ್ಣಯ್ಯ ದೇವಿಗೊಂದು ಮಠ ಕಟ್ಟಿಸಿದ. ಮಧುಮತಿ ಇಂದ್ರನ ಒಪ್ಪಿಗೆ ಪಡೆದು ಅದಕ್ಕೊಂದು ಹಳ್ಳಿಯನ್ನೂ ಬೇರೆಡೆ ಜಮೀನನ್ನೂ ಬಿಟ್ಟುಕೊಟ್ಟ. ಮಠದ ದುರಸ್ತಿಗೆ, ದೇವಿಯ ನೈವೇದ್ಯಕ್ಕೆ, ಒಂಬತ್ತು ಮಂದಿಯ ಊಟಕ್ಕೆ. ಭಕ್ತ ಬ್ರಾಹ್ಮಣ, ದಾನ ಕೊಡಿಸಿದವನು ಮುಸ್ಲಿಂ, ಒಪ್ಪಿಗೆ ಕನ್ನಡದ ಅರಸನದು.

916ರ ಸುಮಾರಿಗೆ ಇದೇ ಕರಾವಳಿಯ ಚೌಲ್ ಬಂದರಿಗೆ ಬಂದಿದ್ದ ಅರಬ ಪ್ರವಾಸಿ ಅಲ್ ಮಸೂದಿ, ಅಲ್ಲಿ ಹತ್ತು ಸಾವಿರ ಮುಸ್ಲಿಮರಿದ್ದರು, ಅವರ ವ್ಯವಹಾರಕ್ಕೆ ಅವರಲ್ಲೇ ಒಬ್ಬ ಮುಖ್ಯಸ್ಥನಿದ್ದ ಎಂದು ಬರೆದಿದ್ದಾನೆ. ಅದು ಹೊರಗಿನವನ ಕಣ್ಣು. ಚಿಂಚಣಿಯಲ್ಲಿ ಸಿಕ್ಕಿದ್ದು ಸರ್ಕಾರದ್ದೇ ಕಾಗದಪತ್ರ. ಅರಬನಿಗೆ ಮಂಡಲ ವಹಿಸಿದ್ದರ ಹಿಂದೆ ಕಡಲ ವ್ಯಾಪಾರದ ಸುಂಕದಾಸೆ ಇದ್ದೇ ಇರಬೇಕು. ಆದರೆ ಸುಂಕ ವಸೂಲಿಗೆ ಮಠ, ಛತ್ರ, ದೋಣಿ ಬೇಕಿರಲಿಲ್ಲ. ಬೇರೆ ಬೇರೆ ಜನ ಕೂಡಿ ಬಾಳುವುದು ತಾನಾಗಿ ಆಗುವ ಕೆಲಸವಲ್ಲ, ಆಡಳಿತ ಅದಕ್ಕೆ ಕೈ ಜೋಡಿಸಬೇಕು ಎಂಬುದು ಆ ಜನಕ್ಕೆ ಗೊತ್ತಿತ್ತು ಎಂದೇ ನಾನು ನಂಬುತ್ತೇನೆ.

ರಾಷ್ಟ್ರಕೂಟರು ಅಳಿದರೂ ಏರ್ಪಾಡು ಅಳಿಯಲಿಲ್ಲ. ಚಿಂಚಣಿಯದೇ ಇನ್ನೊಂದು ಶಾಸನ 1034ರದ್ದು, ಶಿಲಾಹಾರರ ಸಾಮಂತ ಚಾಮುಂಡರಾಜ ಕೊಟ್ಟದ್ದು. ಅದೇ ಮಠಕ್ಕೆ ಒಂದು ಎಣ್ಣೆಗಾಣದ ದಾನ: ದೇವಿಯ ದೀಪಕ್ಕೆ, ಮಠಕ್ಕೆ ಬಂದ ವಿದ್ವಾಂಸರ ಕಾಲಿಗೆ ಹಚ್ಚಲು. ದಾನವನ್ನು ಯಾರಿಗೆ ತಿಳಿಸಲಾಯಿತೋ ಆ ಊರ ಪ್ರಮುಖರಲ್ಲಿ ಹಂಯಮನದವರ ಹೆಸರೂ ಇದೆ: ‘ಅಲ್ಲಿಯ’, ‘ಮಹರ’, ‘ಮಧುಮತ’. ಅಲಿ ಮತ್ತು ಮುಹಮ್ಮದರನ್ನು ಇಲ್ಲಿ ಯಾರಾದರೂ ಗುರುತಿಸಬಹುದು. ಠಾಣೆಯ ಪಟ ಬಿಟ್ಟುಹೋದ ಪ್ರಶ್ನೆಗೆ ಮನುಷ್ಯರ ಹೆಸರುಗಳೇ ಸಿಕ್ಕಿದಂತಾಯಿತು.

ಡೊಂಬಿವಲಿ, ಕಲ್ಯಾಣದ ಕನ್ನಡಿಗರಿಗೆ ಚಿಂಚಣಿ ದೂರವಲ್ಲ. ದಿವಾದಿಂದ ವಸಯಿಗೆ ಹೋಗಿ, ಡಹಾಣೂ ಲೋಕಲ್ ಹಿಡಿದು ವಾಣಗಾಂವ್‌ನಲ್ಲಿ ಇಳಿದರಾಯಿತು. ಅಲ್ಲೊಂದು ಮರಾಠಿ–ಕನ್ನಡ ಫಲಕವನ್ನು ಎರಡೂ ರಾಜ್ಯ ಸರ್ಕಾರಗಳು ಕೂಡಿ ನಿಲ್ಲಿಸಲಿ. ಅಲ್ಲಿಯವರೆಗೆ ನಮ್ಮ ಸಂಘಗಳು ಬರುವ ರಾಜ್ಯೋತ್ಸವಕ್ಕೆ ಮರಾಠಿ, ಪಾರಸಿ, ಮುಸ್ಲಿಂ ನೆರೆಯವರನ್ನು ಕರೆದು ಮಧುಮತಿಯ ಶಾಸನವನ್ನು ಮಕ್ಕಳಿಂದ ಎರಡೂ ಭಾಷೆಯಲ್ಲಿ ಓದಿಸಲಿ.