ಏಜೆಂಟುಗಳಿಗಾಗಿ ಕೈಪಿಡಿ ರಚನೆ: ಒಂದು ಸ್ವಯಂಚಾಲನ ಸಾಧನದ ನಿದರ್ಶನ

ಸಾಧನವೊಂದನ್ನು ಬಳಸುವ ಕ್ರಮವನ್ನು ಬರೆದಿಡುವ ಪದ್ಧತಿ ಗಣಕಲೋಕದಲ್ಲಿ ಹಳೆಯದು. 1971ರ ನವೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅವರು ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯು ಆದೇಶಗಳನ್ನು ಹೆಸರು, ಬಳಕೆಯ ರೂಪ, ವಿವರಣೆ ಮುಂತಾದ ಶೀರ್ಷಿಕೆಗಳಡಿ ನಿರೂಪಿಸಿತು. ಉಳಿದಿರುವ ದೋಷಗಳನ್ನು ಒಪ್ಪಿಕೊಳ್ಳಲೆಂದೇ ಅದರಲ್ಲೊಂದು ಶೀರ್ಷಿಕೆಯಿತ್ತು. ಅಂದಿನಿಂದ ಬಹುಕಾಲ ಕೈಪಿಡಿಯ ಓದುಗ ಮನುಷ್ಯನೇ ಎಂಬ ಗ್ರಹಿಕೆ ಪ್ರಶ್ನಾತೀತವಾಗಿತ್ತು. ಒಪ್ಪಿಸಿದ ಕೆಲಸವನ್ನು ತಾವೇ ಹಂತಗಳಾಗಿ ವಿಂಗಡಿಸಿಕೊಂಡು ಇತರ ತಂತ್ರಾಂಶಗಳ ಮೂಲಕ ನಡೆಸುವ ಕೃತಕ ಬುದ್ಧಿಮತ್ತೆಯ ಏಜೆಂಟುಗಳು ಬಂದ ಮೇಲೆ ಈ ಗ್ರಹಿಕೆ ಸಡಿಲಗೊಂಡಿದೆ. ಇಂತಹ ಓದುಗನಿಗೆ ಕೈಪಿಡಿಯನ್ನು ಹೇಗೆ ಬರೆಯಬೇಕೆಂಬುದನ್ನು ಒಂದು ಸಾಧನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎನ್‌ಎಯ್ಟ್‌ಎನ್ ಎಂಬುದು 2019ರಲ್ಲಿ ಯಾನ್ ಓಬರ್‌ಹೌಸರ್ ಅವರು ಬರ್ಲಿನ್ನಿನಲ್ಲಿ ಆರಂಭಿಸಿದ ಕಾರ್ಯಸರಣಿ ಸ್ವಯಂಚಾಲನ ಸಾಧನ. ಇದರಲ್ಲಿ ಪ್ರತಿಯೊಂದು ಕ್ರಿಯೆಯೂ ಒಂದು 'ನೋಡ್'. ಬಳಕೆದಾರನು ಪರದೆಯ ಮೇಲೆ ನೋಡ್‌ಗಳನ್ನು ಗೆರೆಗಳಿಂದ ಜೋಡಿಸುತ್ತಾನೆ. ಈ ಚಿತ್ರವು ಒಳಗೆ ಜೇಸನ್ ಎಂಬ ಪಠ್ಯರೂಪದಲ್ಲಿ ಉಳಿಯುತ್ತದೆ. ಏಜೆಂಟು ಸಾಮಾನ್ಯವಾಗಿ ಚಿತ್ರವನ್ನು ನೋಡದೆ ಈ ಪಠ್ಯವನ್ನೇ ನೇರವಾಗಿ ರಚಿಸುತ್ತದೆ. ಆದುದರಿಂದ ಪರದೆಯು ಮನುಷ್ಯನಿಗೆ ಮೌನವಾಗಿ ತಿಳಿಸುವ ಅನೇಕ ಸಂಗತಿಗಳು ಅದಕ್ಕೆ ದಕ್ಕುವುದಿಲ್ಲ.

ಗ್ರಂಥಾಲಯವೊಂದು ಪುಸ್ತಕ ಹಿಂದಿರುಗಿಸದ ಸದಸ್ಯರಿಗೆ ಪ್ರತಿದಿನ ಬೆಳಿಗ್ಗೆ 9 ಗಂಟೆಗೆ ಜ್ಞಾಪನಪತ್ರ ಕಳುಹಿಸಬಯಸುತ್ತದೆ ಎಂದಿಟ್ಟುಕೊಳ್ಳೋಣ. ಈ ಸಾಧನವನ್ನು ಸ್ವಂತ ಗಣಕದಲ್ಲಿ ಸ್ಥಾಪಿಸಿಕೊಂಡು ಕಾಲವಲಯವನ್ನು ಸೂಚಿಸದಿದ್ದರೆ ಅದು ನ್ಯೂಯಾರ್ಕಿನ ಕಾಲವನ್ನು ಅನುಸರಿಸುತ್ತದೆ. ಬೆಂಗಳೂರಿನ ಸದಸ್ಯರಿಗೆ ಪತ್ರ ತಲುಪುವುದು ಋತುವಿಗನುಗುಣವಾಗಿ ಸಂಜೆ 6.30 ಅಥವಾ 7.30ಕ್ಕೆ. ದೋಷಸೂಚನೆ ಎಲ್ಲಿಯೂ ಬರುವುದಿಲ್ಲ. ಅದೇ ರೀತಿ, ಹೊರಗಿನ ಸಂದೇಶವನ್ನು ಸ್ವೀಕರಿಸುವ 'ವೆಬ್‌ಹುಕ್' ನೋಡಿಗೆ ಎರಡು ವಿಳಾಸಗಳಿವೆ. ಪರೀಕ್ಷಾ ವಿಳಾಸವು ಸಂಪಾದಕ ಪರದೆಯಲ್ಲಿ ಪರೀಕ್ಷೆ ನಡೆಯುವಾಗ ಮಾತ್ರ ಕಿವಿಗೊಡುತ್ತದೆ; ನಿತ್ಯಬಳಕೆಯ ವಿಳಾಸವು ಸರಣಿಯನ್ನು ಚಾಲನೆಗೆ ಬಿಟ್ಟ ಮೇಲೆ ಜೀವಂತವಾಗುತ್ತದೆ. ಕೈಪಿಡಿಯು 'ವಿಳಾಸವನ್ನು ನಕಲಿಸಿ' ಎಂದಷ್ಟೇ ಹೇಳಿದರೆ ಏಜೆಂಟು ಮೊದಲನೆಯದನ್ನೇ ಕೊಟ್ಟು, ಕೆಲಸ ಪೂರ್ಣಗೊಂಡಿತೆಂದು ವರದಿ ಮಾಡಬಹುದು.

ಇದಕ್ಕಿಂತ ಗಂಭೀರವಾದುದು ಪುನರಾವರ್ತನೆಯ ಪ್ರಶ್ನೆ. ಕ್ರಿಯೆ ವಿಫಲವಾದರೆ ಮತ್ತೆ ಪ್ರಯತ್ನಿಸುವ ಆಯ್ಕೆ ನೋಡಿನಲ್ಲಿದೆ. ಸದಸ್ಯರ ಪಟ್ಟಿಯನ್ನು ಎರಡು ಬಾರಿ ಓದಿದರೆ ಹಾನಿಯಿಲ್ಲ. ಆದರೆ ಪತ್ರವು ರವಾನೆಯಾಗಿ ಉತ್ತರ ಮಾತ್ರ ತಡವಾದಾಗ ಮರುಪ್ರಯತ್ನಿಸಿದರೆ ಎರಡು ಪತ್ರಗಳು ಹೋಗುತ್ತವೆ. ಪತ್ರದ ಸ್ಥಾನದಲ್ಲಿ ದಂಡದ ವಸೂಲಿಯಿದ್ದರೆ ಪರಿಣಾಮವನ್ನು ಊಹಿಸಿಕೊಳ್ಳಬಹುದು. ಅನುಭವಿ ಸಿಬ್ಬಂದಿ ಇಲ್ಲಿ ಅನುಮಾನಿಸಿ ನಿಲ್ಲುತ್ತಾರೆ. ಏಜೆಂಟು ನಿಲ್ಲುವುದೆಂಬ ಭರವಸೆಯಿಲ್ಲ. ಹೀಗಾಗಿ ಪ್ರತಿಯೊಂದು ಕ್ರಿಯೆಗೂ ಪೂರ್ವಸ್ಥಿತಿ, ಪರಿಣಾಮ, ಸೂಚಿಸದೆ ಬಿಟ್ಟಾಗ ಅನ್ವಯವಾಗುವ ಮೌಲ್ಯ, ಯಶಸ್ಸನ್ನು ಖಚಿತಪಡಿಸಿಕೊಳ್ಳುವ ವಿಧಾನ, ಪುನರಾವರ್ತನೆ ಸುರಕ್ಷಿತವೇ ಎಂಬುದು ಹಾಗೂ ಹಿಂತೆಗೆಯಲು ಸಾಧ್ಯವೇ ಎಂಬುದು ಬರಹದಲ್ಲಿಯೇ ಇರಬೇಕು.

ಈ ದಿಕ್ಕಿನಲ್ಲಿ ಕೆಲವು ಪ್ರಯತ್ನಗಳು ನಡೆದಿವೆ. ಆಂಥ್ರೋಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಪ್ರತಿಯೊಂದು ಸಾಧನವೂ ತನ್ನ ಹೆಸರು, ವಿವರಣೆ, ಸ್ವೀಕರಿಸುವ ಮಾಹಿತಿಯ ರೂಪ ಇವುಗಳನ್ನು ಏಜೆಂಟಿಗೆ ತಿಳಿಸುತ್ತದೆ. 2025ರ ಮಾರ್ಚ್ ಆವೃತ್ತಿಯಲ್ಲಿ, ಕ್ರಿಯೆಯು ಓದಲು ಮಾತ್ರ ಸೀಮಿತವೇ, ವಿನಾಶಕಾರಿಯೇ, ಪುನರಾವರ್ತನೆಗೆ ಸುರಕ್ಷಿತವೇ ಎಂಬ ಸೂಚನೆಗಳು ಸೇರಿದವು. ಆದರೆ ಇವು ಸೂಚನೆಗಳೇ ಹೊರತು ಖಾತರಿಗಳಲ್ಲ. ನಂಬಲರ್ಹವಲ್ಲದ ಮೂಲದಿಂದ ಬಂದಾಗ ಇವುಗಳನ್ನು ನಂಬಬಾರದೆಂದು ಆ ನಿಯಮಾವಳಿಯೇ ಎಚ್ಚರಿಸುತ್ತದೆ. ಈ ಎಚ್ಚರಿಕೆಗೆ ಕಾರಣವಿದೆ. ಭಾಷಾ ಮಾದರಿಗೆ ವಿವರಣೆಯೂ ಪಠ್ಯವೇ, ಆಜ್ಞೆಯೂ ಪಠ್ಯವೇ. ಸದಸ್ಯನೊಬ್ಬನ ಪತ್ರದಲ್ಲಿ ಅಡಗಿಸಿದ ವಾಕ್ಯವೂ ಆಜ್ಞೆಯಂತೆ ಪಾಲಿಸಲ್ಪಡುವ ಅಪಾಯವಿದೆ. ಆದ್ದರಿಂದ ಬರಹದ ಸ್ಪಷ್ಟತೆಯೊಂದೇ ರಕ್ಷಣೆಯಾಗಲಾರದು. ಏಜೆಂಟಿಗೆ ಕೊಡುವ ಅಧಿಕಾರವನ್ನು ಮಿತಗೊಳಿಸುವುದು, ಹಿಂತೆಗೆಯಲಾಗದ ಹಂತದಲ್ಲಿ ಮನುಷ್ಯನ ಒಪ್ಪಿಗೆಗಾಗಿ ಸರಣಿಯನ್ನು ತಡೆದು ನಿಲ್ಲಿಸುವುದು ಅಗತ್ಯ. ಎನ್‌ಎಯ್ಟ್‌ಎನ್‌ನಲ್ಲಿ ಇಂತಹ ತಡೆಗೆ ಅವಕಾಶವಿದೆ.

ಕೈಪಿಡಿಯ ಪರೀಕ್ಷೆಯೂ ಬದಲಾಗಬೇಕಾಗಿದೆ. ಪ್ರಯೋಗಕ್ಕೆಂದೇ ಮೀಸಲಾದ ವ್ಯವಸ್ಥೆಯಲ್ಲಿ ಏಜೆಂಟಿಗೆ ಕೈಪಿಡಿಯೊಂದನ್ನೇ ಕೊಟ್ಟು ಕೆಲಸ ಮಾಡಿಸಿದರೆ, ಅದು ತಪ್ಪಿದ ಅನೇಕ ಕಡೆಗಳಲ್ಲಿ ಲೇಖಕ ಬರೆಯದೆ ಬಿಟ್ಟ ತಿಳಿವಳಿಕೆ ಗೋಚರಿಸುತ್ತದೆ. ಹಿಂದೆ ಕೈಪಿಡಿಯಲ್ಲಿ ಬಿಟ್ಟುಹೋದ ಮಾತನ್ನು ಓದುಗನ ಅನುಭವ ತುಂಬಿಕೊಡುತ್ತಿತ್ತು. ಈಗ ಆ ಬಿಟ್ಟ ಸ್ಥಳವೇ ಒಂದು ಕ್ರಿಯೆಯಾಗಿ ಯಾರದೋ ಬಾಗಿಲನ್ನು ತಲುಪಬಹುದು. ಯುನಿಕ್ಸ್ ಕೈಪಿಡಿಯು ದೋಷಗಳಿಗೆ ಶೀರ್ಷಿಕೆಯೊಂದನ್ನು ಮೀಸಲಿಟ್ಟ ಪ್ರಾಮಾಣಿಕತೆಯು ಈ ಹೊಸ ಓದುಗನ ಮುಂದೆ ಇನ್ನಷ್ಟು ಅಗತ್ಯವೆನಿಸುತ್ತದೆ.